ಪಿಂಕಿ ಕೇಳಿದ ಫೋಟೋ

ಹೋದ ವರ್ಷದ ಆಷಾಢದಲ್ಲಿ ಸೊಲ್ಲಾಪುರದಿಂದ ಸೇಡಂಗೆ ಮರಳುವಾಗ ವಾಡಿಯಲ್ಲಿ ಗಾಡಿ ಬದಲಿಸಬೇಕಾಯಿತು. ಇಳಿದಾಗ ಮಳೆ ಆಗತಾನೇ ನಿಂತಿತ್ತು. ವಾಡಿಯ ಮಳೆಗೆ ಎರೆಮಣ್ಣಿನ ವಾಸನೆ ಇರುವುದಿಲ್ಲ. ಸಿಮೆಂಟಿನ ಧೂಳು, ಸುಣ್ಣಗಲ್ಲು, ಹಳಿಯ ಎಣ್ಣೆ ಎಲ್ಲ ಕೂಡಿ ನೆನೆದು, ಹೊಸದಾಗಿ ಗಿಲಾವು ಮಾಡಿದ ಗೋಡೆಯ ಪಕ್ಕ ನಿಂತಂಥ ಒಂದು ವಾಸನೆ ಬರುತ್ತದೆ. ಬೆಂಚಿನ ಮೇಲೆ ಕುಳಿತೆ. ನನ್ನ ಪಕ್ಕದಲ್ಲಿ ಒಂದು ಹುಡುಗಿ ತಾಯಿಯ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಯಾರ ಜೊತೆಗೋ ನಗುತ್ತ ಮಾತಾಡುತ್ತಿತ್ತು. ತಾಯಿ ದೂರದಲ್ಲಿ ನೀರಿನ ನಲ್ಲಿಯ ಹತ್ತಿರ ಇದ್ದಳು. ಗಾಡಿ ಬರುವವರೆಗೂ ನಾನು ಆ ಹುಡುಗಿಯನ್ನೇ ನೋಡುತ್ತಿದ್ದೆ.

ನಾನು ಈ ಊರಿನಲ್ಲಿ ಕೆಲಸ ಮಾಡಿದ್ದು ಒಂದೇ ವರ್ಷ. ಎರಡು ಸಾವಿರದ ದಶಕ ಅರ್ಧ ದಾಟಿದ್ದ ಕಾಲ. ಸೇಡಂನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ನಾನು ಗುಲಬರ್ಗಾಕ್ಕೆ ಹೋಗಿ ಕಂಪ್ಯೂಟರ್ ತರಬೇತಿ ಮುಗಿಸಿ ಬಂದಿದ್ದೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಶಾಲೆಗೆ ಎರಡು ಕಂಪ್ಯೂಟರ್ ಬಂದಿವೆ, ಕಲಿಸುವವರಿಲ್ಲ ಎಂದು ಒಂದು ವರ್ಷದ ನಿಯೋಜನೆಯ ಮೇಲೆ ನನ್ನನ್ನು ಅಲ್ಲಿಗೆ ಹಾಕಿದರು. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ. ಮಳಖೇಡ ರೋಡಿನಲ್ಲಿ ಆದಿತ್ಯನಗರದ ಹೆಂಗಸರು ಹತ್ತುತ್ತಿದ್ದರು, ಚಿತ್ತಾಪುರದಲ್ಲಿ ಕಾಯಿಪಲ್ಲೆಯ ಬುಟ್ಟಿಗಳು. ನಮ್ಮ ಅತ್ತೆಯವರು ಮಡಿಯಲ್ಲಿ ಮಾಡಿ ಕಟ್ಟಿಕೊಟ್ಟ ಅವಲಕ್ಕಿಯ ಡಬ್ಬಿ ವಾಡಿ ಮುಟ್ಟುವಷ್ಟರಲ್ಲಿ ಯಾರ ಯಾರ ಕೈಗೋ ಹೋಗಿ ಬರಿದಾಗಿ ಮರಳುತ್ತಿತ್ತು.

ಶಾಲೆಯ ನೆಲ ಶಹಾಬಾದ ಕಲ್ಲಿನದು, ಮಾಡೂ ಅದೇ ಕಲ್ಲಿನದು. ಮಳೆಗಾಲದಲ್ಲಿ ಚಪ್ಪಡಿಗಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಗಾಗಿ ಸೋರದ ಒಂದೇ ಕೋಣೆಯನ್ನು ಕಂಪ್ಯೂಟರಿಗೆ ಕೊಟ್ಟಿದ್ದರು. ಮುಖ್ಯಗುರುಗಳಾದ ಗುರುಲಿಂಗಪ್ಪ ಸರ್ ಪ್ರತಿ ಸೋಮವಾರ ಆ ಎರಡು ಯಂತ್ರಗಳಿಗೂ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗುತ್ತಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ, ಧೋತರದ ಮೇಲೆ ಬಿಳಿ ಅಂಗಿ ತೊಡುವ, ಮೆಲ್ಲಗೆ ಮಾತಾಡುವ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು ಎಂಬುದು ಅವರ ಆಜ್ಞೆ. ಟೆಲಿಫೋನ್ ತಂತಿಯ ಮೂಲಕ ಇಂಟರ್‌ನೆಟ್ಟೂ ಬಂದಿತ್ತು. ಕರೆಂಟು ಇದ್ದಾಗ ತಂತಿ ಸತ್ತಿರುತ್ತಿತ್ತು, ತಂತಿ ಬದುಕಿದ್ದಾಗ ಕರೆಂಟು ಹೋಗಿರುತ್ತಿತ್ತು.

ಮಕ್ಕಳಿಗೆ ಇದು ಅಷ್ಟು ಹೊಸದಾಗಿರಲಿಲ್ಲ ಎನ್ನುವುದು ನನಗೆ ಮೊದಲ ವಾರದಲ್ಲೇ ಗೊತ್ತಾಯಿತು. ಸ್ಟೇಷನ್ ರಸ್ತೆಯಲ್ಲಿ ಶಿವರಾಜ ಎಂಬಾತ ಝೆರಾಕ್ಸ್ ಅಂಗಡಿಯ ಒಳಗೆ ಪ್ಲೈವುಡ್ಡಿನ ಗೂಡುಗಳನ್ನು ಮಾಡಿ ನೆಟ್ ಸೆಂಟರ್ ಇಟ್ಟಿದ್ದ. ದೊಡ್ಡವರು ಬಾರದ ಮಧ್ಯಾಹ್ನದ ಹೊತ್ತು ಕ್ವಾರ್ಟರ್ಸಿನ ಮಕ್ಕಳು ಅಲ್ಲಿ ಒಂದೇ ಕುರ್ಚಿಯಲ್ಲಿ ಇಬ್ಬರು ಮೂವರು ಕುಳಿತು ಕಾರಿನ ಆಟ ಆಡುತ್ತಿದ್ದರು. ಐದನೇ ತರಗತಿಯ ಸುವರ್ಣಾಳಿಗೆ ಆ ಶಿವರಾಜ ಸೋದರಮಾವ. ಶಾಲೆ ಬಿಟ್ಟ ಮೇಲೆ ಅವಳು ಮಾವನ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕುಳಿತು ಮನೆಗೆ ಹೋಗುವುದು ರೂಢಿ. ಅವಳ ತಂದೆ ಸಾಯಬಣ್ಣ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ತಿರುಗಿಸುವ ಕೆಲಸ. ತಾಯಿ ಶಾಂತಾಬಾಯಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ಹುಡುಗಿ ಸಣ್ಣಗೆ, ಕಪ್ಪಗೆ, ಎರಡು ಜಡೆಗೆ ಕೆಂಪು ರಿಬ್ಬನ್ನು ಹಾಕಿಕೊಂಡು ಬರುತ್ತಿದ್ದಳು. ಪ್ರಶ್ನೆ ಕೇಳುವ ಹುಡುಗಿ. ಕೀಬೋರ್ಡಿನಲ್ಲಿ ಅಕ್ಷರಗಳು ಯಾಕೆ ಸಾಲಾಗಿ ಇಲ್ಲ ಎಂದು ಮೊದಲು ಕೇಳಿದವಳು ಅವಳೇ.

ಶ್ರಾವಣದ ಒಂದು ದಿನ ಬಿಸಿಯೂಟ ಮುಗಿದ ಮೇಲೆ ಅವಳು ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಟೀಚರ್ರಿ, ಫೋಟೋನ ಕಂಪ್ಯೂಟರಿನಾಗ ಹೆಂಗ ಹಾಕ್ತಾರ?"

"ಯಾರ ಫೋಟೋ?"

"ನಂದೇರಿ. ಪಿಂಕಿಗಿ ಕಳಿಸಬೇಕು."

ಪಿಂಕಿ ಯಾರು ಎಂದು ಕೇಳಿದೆ. ಸಿಕಂದರಾಬಾದಿನ ಹುಡುಗಿಯಂತೆ, ಅವಳೂ ಐದನೇ ತರಗತಿಯಂತೆ. ನೆಟ್ಟಿನಲ್ಲಿ ಮಾತಾಡುವ ಕಡೆ ಸಿಕ್ಕಿದ್ದಂತೆ. ಬೇಸಿಗೆಯಿಂದ ಗೆಳತಿ.

"ನೀ ನೋಡೀಯೇನು ಆಕಿನ್ನ?"

"ಇಲ್ಲರಿ. ಆಕಿ ಮನ್ಯಾಗ ಕ್ಯಾಮೆರಾ ಇಲ್ಲಂತ. ನಂದು ಮೊದಲು ಕಳಸು ಅಂತಾಳ. ಮನ್ಯಾಗ ಹೇಳಬ್ಯಾಡ ಅಂದಾಳ್ರಿ, ಅದಕ್ಕ ನಿಮಗ ಕೇಳ್ಲಿಕತ್ತೀನಿ."

ಅಂದು ಅದೃಷ್ಟಕ್ಕೆ ತಂತಿಯೂ ಇತ್ತು, ಕರೆಂಟೂ ಇತ್ತು. ಎಲ್ಲಿ, ತೋರಿಸು ಎಂದೆ. ಅವಳು ಕುರ್ಚಿಯ ತುದಿಯಲ್ಲಿ ಕುಳಿತು, ಕಾಲು ನೆಲಕ್ಕೆ ತಾಕದೆ, ಒಂದೊಂದೇ ಅಕ್ಷರ ಹುಡುಕಿ ಒತ್ತಿ ತನ್ನ ಹೆಸರಿನ ಪುಟ ತೆರೆದಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಿಂದಿ ಮಾತುಗಳು. ರೈಲ್ವೆ ಊರಿನ ಮಕ್ಕಳಿಗೆ ಹಿಂದಿ ಕಷ್ಟವಿಲ್ಲ. ಮೊದಮೊದಲು ಗೊಂಬೆ, ಬಳೆ, ಹೋಂವರ್ಕು. ಕೆಳಗೆ ಬಂದ ಹಾಗೆ ಮಾತು ಬದಲಾಗಿತ್ತು. ಅಪ್ಪನ ಡ್ಯೂಟಿ ಯಾವಾಗ, ಅಮ್ಮ ಮಧ್ಯಾಹ್ನ ಮಲಗುತ್ತಾಳೆಯೇ, ಮನೆ ಎಷ್ಟನೇ ಸಾಲಿನಲ್ಲಿ. ಹತ್ತು ವರ್ಷದ ಹುಡುಗಿಯರನ್ನು ನಾನು ಬಹಳ ನೋಡಿದ್ದೇನೆ. ಯಾರೂ ಗೆಳತಿಯ ಅಪ್ಪನ ಡ್ಯೂಟಿ ಕೇಳುವುದಿಲ್ಲ. ಕೊನೆಯಲ್ಲಿ ಇದ್ದದ್ದು ಇನ್ನೂ ಸ್ಪಷ್ಟ: ಭಾನುವಾರ ಪಿಂಕಿಯ ಚಾಚಾ ವಾಡಿಯ ಮೇಲೆ ಹಾಯ್ದು ಹೋಗುತ್ತಾರೆ, ನಿನಗೊಂದು ಗೊಂಬೆ ತರುತ್ತಾರೆ, ಮಧ್ಯಾಹ್ನ ಸ್ಟೇಷನ್ನಿನ ಸೇತುವೆಯ ಹತ್ತಿರ ಒಬ್ಬಳೇ ಬಾ.

ನಾನು ಏನನ್ನೂ ಅಳಿಸಲಿಲ್ಲ. ಅವಳಿಗೂ ಅಳಿಸಬೇಡ, ಉತ್ತರ ಬರೆಯಬೇಡ ಎಂದೆ. ನನ್ನ ಮುಖದಲ್ಲಿ ಏನು ಕಂಡಿತೋ, ಅವಳ ಕೈ ಕೀಬೋರ್ಡಿನಿಂದ ತೊಡೆಯ ಮೇಲೆ ಇಳಿಯಿತು.

"ತಪ್ಪಾತೇನ್ರಿ?"

"ನಿಂದೇನೂ ತಪ್ಪಿಲ್ಲ. ನೀ ಬಂದು ಕೇಳಿದ್ದು ಭಾಳ ಚೊಲೋ ಆತು. ಆದರ ಇದು ಬರೆದಾಕಿ ಹುಡುಗಿ ಅಲ್ಲ ಸುವರ್ಣಾ. ಯಾರೋ ದೊಡ್ಡವರು."

ಅವಳು ಪರದೆಯನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಕೇಳಿದಳು, "ಹಂಗಾದ್ರ ಪಿಂಕಿ ಅನ್ನಾಕಿ ಇಲ್ಲವೇ ಇಲ್ಲೇನ್ರಿ?"

ಭಯಕ್ಕಿಂತ ಮೊದಲು ಅವಳಿಗೆ ಆದದ್ದು ಅದು, ಗೆಳತಿಯೊಬ್ಬಳನ್ನು ಕಳೆದುಕೊಂಡ ದುಃಖ. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ಗುರುಲಿಂಗಪ್ಪ ಸರ್‌ಗೆ ಹೇಳಿದಾಗ ಅವರು ಮೇಜಿನ ಮೇಲಿನ ಗಾಜಿನ ಗುಂಡನ್ನು ಕಾಗದಗಳ ಮೇಲೆ ಒತ್ತಿಟ್ಟರು. "ಆ ಖೋಲಿಗಿ ಕೀಲಿ ಹಾಕಿಬಿಡ್ರಿ ವಿಜಯಾಬಾಯಿ. ನಮಗ ಯಾಕ ಬೇಕು ಈ ಉಸಾಬರಿ."

"ಕೀಲಿ ಹಾಕಿದ್ರ ಶಿವರಾಜನ ಅಂಗಡಿ ತೆರೆದೇ ಇರ್ತದಲ್ರಿ ಸರ್."

ಅವರು ಸಾಯಬಣ್ಣನಿಗೆ ಹೇಳಿಕಳಿಸಿದರು. ಆತ ಡ್ಯೂಟಿಯ ನೀಲಿ ಅಂಗಿಯಲ್ಲೇ ಬಂದ. ಎತ್ತರದ ಆಳು. ಕುರ್ಚಿಯಲ್ಲಿ ಕೂಡದೆ ನಿಂತೇ ಕೇಳಿದ. ನಾನು ಹೇಳುತ್ತ ಹೋದಂತೆ ಆತನ ಮುಖ ಕಲ್ಲಾಯಿತು. ಸಿಟ್ಟೆಲ್ಲ ಹೊರಳಿದ್ದು ಮಗಳ ಕಡೆಗೆ.

"ನಾಳಿಂದ ಸಾಲಿ ಬಂದ್‌ರಿ. ನಮ್ಮೂರು ಕೊಡ್ಲಿಗಿ ನಮ್ಮವ್ವನ ಹಂತ್ಯಾಕ ಕಳಿಸ್ತೀನಿ. ಹೆಣ್ಣು ಹುಡುಗಿ ಇಷ್ಟ ದೂರ ಹೋಗ್ಯಾಳಂದ್ರ..."

"ಅಕಿ ಎಲ್ಲಿಗೂ ಹೋಗಿಲ್ಲ ಸಾಯಬಣ್ಣ. ಅಕಿನೇ ಬಂದು ಹೇಳ್ಯಾಳ."

"ನೀವು ಅಕಿನ್ನ ಮ್ಯಾಲ ಹಾಕ್ಕೊಂಡು ಮಾತಾಡಬ್ಯಾಡ್ರಿ ಟೀಚರ್."

ಮುಂದಿನ ಮಾತು ಆತ ಕೇಳಲಿಲ್ಲ. ಆದರೆ ಭಾನುವಾರದ ವಿಷಯದಲ್ಲಿ ಆತನ ತಲೆ ತಣ್ಣಗಿತ್ತು. ರೈಲ್ವೆ ಪೊಲೀಸಿನ ಹವಾಲ್ದಾರರು ಆತನಿಗೆ ಪರಿಚಯದವರು. ಶಿವರಾಜ ಪುಟಗಳನ್ನೆಲ್ಲ ಅಚ್ಚು ಹಾಕಿ ತಂದುಕೊಟ್ಟ. ಯಾರೂ ಗದ್ದಲ ಮಾಡಬಾರದು, ಹುಡುಗಿಯನ್ನು ಸ್ಟೇಷನ್ನಿನ ಹತ್ತಿರವೂ ತರಬಾರದು ಎಂದು ಹವಾಲ್ದಾರರು ಹೇಳಿದರು.

ಭಾನುವಾರ ನಾನೂ ಸೇಡಂನಿಂದ ಬಂದೆ. ಶಾಂತಾಬಾಯಿ ಬರಬೇಕೆಂದು ಕೇಳಿಕೊಂಡಿದ್ದರು. ಸುವರ್ಣಾಳನ್ನು ಮನೆಯಲ್ಲಿ, ಕೊಡ್ಲಿಯಿಂದ ಬಂದಿದ್ದ ಅಜ್ಜಿಯ ಜೊತೆ ಬಿಟ್ಟು, ನಾವಿಬ್ಬರೂ ಹೆಂಗಸರ ತಂಗುಕೋಣೆಯ ಕಿಟಕಿಯ ಹತ್ತಿರ ಕುಳಿತೆವು. ಜಿನುಗು ಮಳೆ. ಸಿಕಂದರಾಬಾದ್ ಕಡೆಯಿಂದ ಗಾಡಿ ಬಂದು ಹೋಯಿತು. ಜನ ಚದುರಿದ ಮೇಲೆ ಒಬ್ಬ ಮನುಷ್ಯ ನಮ್ಮ ಕಿಟಕಿಯ ಎದುರಿಗೇ, ಸೇತುವೆಯ ಮೆಟ್ಟಿಲ ಹತ್ತಿರದ ಬೆಂಚಿನಲ್ಲಿ ಉಳಿದ. ನನಗಿಂತ ಹತ್ತು ವರ್ಷ ಹಿರಿಯ ಇರಬಹುದು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಕನ್ನಡಕ. ಬ್ಯಾಂಕಿನಲ್ಲಿ ಎದುರು ಕುಳಿತಿದ್ದರೆ ನಮಸ್ಕಾರ ಮಾಡಿ ಮಾತಾಡಿಸುವಂಥ ಚಹರೆ. ತೊಡೆಯ ಮೇಲೆ ಬಣ್ಣದ ಕಾಗದ ಸುತ್ತಿದ ಡಬ್ಬಿ. ಫ್ರಾಕಿನ ಹುಡುಗಿ ಯಾರಾದರೂ ಹಾದುಹೋದರೆ ತಲೆ ಎತ್ತುತ್ತಿದ್ದ.

ಹವಾಲ್ದಾರರು ಪಕ್ಕದಲ್ಲಿ ಹೋಗಿ ಕುಳಿತು, ಯಾರನ್ನು ಕಾಯುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು.

"ಅಣ್ಣನ ಮಗಳು. ಗೊಂಬೆ ಕೊಡಬೇಕಿತ್ತು."

"ಹೆಸರು?"

"ಸುವರ್ಣಾ."

"ಅಪ್ಪನ ಹೆಸರು?"

ಆತ ತಡವರಿಸಿದ. ಬೆಂಚಿನ ಹಿಂದೆ ಡ್ಯೂಟಿಯ ಅಂಗಿಯಲ್ಲಿ ನಿಂತಿದ್ದ ಸಾಯಬಣ್ಣ ಮುಂದೆ ಬಂದ. "ಆಕಿ ಅಪ್ಪ ನಾನೇ," ಎಂದ. ಕನ್ನಡದಲ್ಲೇ ಹೇಳಿದ. ಆ ಮನುಷ್ಯನಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಆದರೆ ಮಾತು ತಿಳಿಯಿತು. ಡಬ್ಬಿ ಕೈಯಿಂದ ಜಾರಿತು. ಸಾಯಬಣ್ಣ ಅವನನ್ನು ಮುಟ್ಟಲಿಲ್ಲ. ಬಿದ್ದ ಡಬ್ಬಿಯನ್ನು ಎತ್ತಿ ಹವಾಲ್ದಾರರ ಕೈಗೆ ಕೊಟ್ಟು, ಹಳಿಗಳ ಕಡೆ ಮುಖ ತಿರುಗಿಸಿ ನಿಂತುಬಿಟ್ಟ. ಕಿಟಕಿಯ ಹತ್ತಿರ ಶಾಂತಾಬಾಯಿ ನನ್ನ ಮಣಿಕಟ್ಟನ್ನು ಹಿಡಿದಿದ್ದ ಹಿಡಿತಕ್ಕೆ ಬಳೆ ಒತ್ತಿ ಗುರುತು ಮೂಡಿತ್ತು. ನನಗೂ ಮಕ್ಕಳಿದ್ದಾರೆ ಎಂದು ಆ ಮನುಷ್ಯ ಅಳುತ್ತ ಹೇಳಿದ್ದು ಠಾಣೆಯ ಬಾಗಿಲ ತನಕ ಕೇಳಿಸಿತು. ಅವನನ್ನು ಅಂದೇ ಕರೆದುಕೊಂಡು ಹೋದರು. ಮುಂದೆ ಪ್ರಕರಣ ಏನಾಯಿತು ಎಂಬುದು ನನ್ನ ತನಕ ಬರಲಿಲ್ಲ.

ಸೋಮವಾರ ಸುವರ್ಣಾ ಶಾಲೆಗೆ ಬರಲಿಲ್ಲ. ಬೆಳಗಿನ ಬಸ್ಸಿಗೇ ಅಜ್ಜಿಯ ಜೊತೆ ಕೊಡ್ಲಿಗೆ ಕಳಿಸಿದ್ದರು.

ಅಂದಿನಿಂದ ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳು ಹೂಂ, ಇಲ್ಲ ಬಿಟ್ಟು ಬೇರೆ ಮಾತಾಡಲಿಲ್ಲ. ಯಾರಾದರೂ ಗೊತ್ತಿಲ್ಲದವರು ನೆಟ್ಟಿನಲ್ಲಿ ಮಾತಾಡಿಸಿದರೆ ಬಂದು ಹೇಳಿ ಎಂದು ನಾನು ಹೇಳಿದೆ. ಎಲ್ಲರೂ ನೆಲ ನೋಡಿದರು. ಮೊದಲ ಸಾಲಿನ ರೇಷ್ಮಾ ಎಂಬ ಹುಡುಗಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು:

"ಹೇಳಿದ್ರ ಸಾಲಿ ಬಿಡಿಸ್ತಾರ್ರಿ."

ಹಿಡಿದುಕೊಟ್ಟವಳೇ ಶಿಕ್ಷೆಗೆ ಒಳಗಾದಳು. ಮಕ್ಕಳು ಕಲಿತ ಪಾಠ ಅದೊಂದೇ ಆಗಿತ್ತು. ಅದನ್ನು ಗುರುಲಿಂಗಪ್ಪ ಸರ್‌ಗೆ ಹೇಳಿದೆ. ಈ ಸಲ ಅವರು ಕೀಲಿಯ ಮಾತು ಎತ್ತಲಿಲ್ಲ. "ಹಂಗಾದ್ರ ಏನ್ ಮಾಡೂಣಂತೀರಿ?" ಎಂದರು. ನಾನು ನನ್ನ ಯೋಚನೆ ಹೇಳಿದೆ. ಅವರು ಮೊದಲು ನಾಚಿದರು, ಆಮೇಲೆ ಒಪ್ಪಿದರು.

ಎರಡು ಕಂಪ್ಯೂಟರುಗಳ ನಡುವೆ ಒಂದು ತಂತಿ ಎಳೆದು, ಒಂದನ್ನು ಪಕ್ಕದ ಸಾಮಾನಿನ ಕೋಣೆಯಲ್ಲಿಟ್ಟೆ. ಒಂದರಲ್ಲಿ ಬರೆದರೆ ಇನ್ನೊಂದರಲ್ಲಿ ಕಾಣುತ್ತಿತ್ತು. ಶಹಾಬಾದಿನ ಶಾಲೆಯ ಹುಡುಗಿಯೊಬ್ಬಳು ನಿಮ್ಮ ಜೊತೆ ಮಾತಾಡುತ್ತಾಳೆ ಎಂದು ಐದನೇ ತರಗತಿಗೆ ಹೇಳಿದೆ. ಅವಳ ಹೆಸರು ಲಲಿತಾ. ಮಕ್ಕಳು ಪರದೆಗೆ ಮುಗಿಬಿದ್ದರು. ಲಲಿತಾ ನಿಧಾನವಾಗಿ ಬರೆಯುತ್ತಿದ್ದಳು. ಅವಳಿಗೆ ಶೇಂಗಾದ ಉಂಡೆ ಇಷ್ಟ, ಗಣಿತ ಕಷ್ಟ, ಅವಳ ಮೇಷ್ಟ್ರು ಹೊಡೆಯುತ್ತಾರೆ. ಪಾಪ ಎಂದರು ಮಕ್ಕಳು. ನಿಮ್ಮ ಮನೆ ಎಲ್ಲಿ ಎಂದು ಲಲಿತಾ ಕೇಳಿದಳು. ನೀರಿನ ಟಾಕಿಯ ಹಿಂದಿನ ಸಾಲು, ಬೇವಿನ ಗಿಡದ ಮನೆ, ಎಲ್ಲವನ್ನೂ ಪೈಪೋಟಿಯಲ್ಲಿ ಬರೆದರು. ಒಬ್ಬನಂತೂ ಬಾಗಿಲಿನ ಕೀಲಿಕೈ ತುಳಸಿ ಕುಂಡದ ಕೆಳಗೆ ಇಡುತ್ತೇವೆ ಎಂದೂ ಬರೆಸಿದ.

ಆಗ ಸಾಮಾನಿನ ಕೋಣೆಯ ಬಾಗಿಲು ತೆರೆದು ಗುರುಲಿಂಗಪ್ಪ ಸರ್ ಹೊರಗೆ ಬಂದರು. ಧೋತರಕ್ಕೆ ಧೂಳು ಹತ್ತಿತ್ತು.

ಯಾರಿಗೂ ಕೂಡಲೇ ತಿಳಿಯಲಿಲ್ಲ. ರೇಷ್ಮಾ ಮೆಲ್ಲಗೆ ಕೇಳಿದಳು, "ಸರ್, ಲಲಿತಾ ನೀವೇ ಏನ್ರಿ?"

"ನಾನೇ. ಈಗ ನಿಮ್ಮೆಲ್ಲರ ಮನಿ ನನಗ ಗೊತ್ತದ. ಕೀಲಿಕೈ ಎಲ್ಲಿರ್ತದ ಅನ್ನೋದೂ ಗೊತ್ತದ."

ಮಕ್ಕಳು ಬಿದ್ದು ಬಿದ್ದು ನಕ್ಕರು. ನಗು ತಾನಾಗಿ ನಿಂತಾಗ ಸರ್ ಒಂದು ಬೆಂಚಿನ ಮೇಲೆ ಕುಳಿತು ಹೇಳಿದರು, "ನಾನು ನಿಮ್ಮ ಸರ್, ಅದಕ್ಕ ನಕ್ಕಿರಿ. ಬ್ಯಾರೆ ಯಾರರೇ ಇದ್ರ?" ಅಷ್ಟೇ. ಉಳಿದದ್ದನ್ನು ಮಕ್ಕಳೇ ಮಾತಾಡಿಕೊಂಡರು. ಯಾರಿಗೆ ಏನು ಹೇಳಬಾರದು, ಗುಟ್ಟಾಗಿಡು ಅಂದರೆ ಯಾಕೆ ಗುಟ್ಟಾಗಿಡಬಾರದು, ಫೋಟೋ ಒಮ್ಮೆ ಹೋದರೆ ಮರಳಿ ಬರುತ್ತದೆಯೇ. ಮುಂದಿನ ವಾರ ಇದೇ ಆಟವನ್ನು ತಾಯಂದಿರಿಗೂ ಆಡಿಸಿದೆವು. ಶಿವರಾಜ ಯಾರೂ ಹೇಳದೆಯೇ ಅಂಗಡಿಯ ಪ್ಲೈವುಡ್ ಕಿತ್ತುಹಾಕಿ, ಪರದೆಗಳೆಲ್ಲ ರಸ್ತೆಗೆ ಕಾಣುವಂತೆ ತಿರುಗಿಸಿ ಇಟ್ಟ. ಅದರಿಂದ ಅವನ ಗಿರಾಕಿಗಳು ಕಡಿಮೆಯಾದರು.

ಆದರೆ ಸುವರ್ಣಾ ಇನ್ನೂ ಕೊಡ್ಲಿಯಲ್ಲೇ ಇದ್ದಳು.

ದಸರಾ ರಜೆಯಲ್ಲಿ ನಾನು ಸೇಡಂನಿಂದ ಬಸ್ಸು ಹಿಡಿದು ಅಲ್ಲಿಗೆ ಹೋದೆ. ಮಳೆ ಹಿಂದೆ ಸರಿದು ಬಿಸಿಲು ಮೆತ್ತಗಾಗಿತ್ತು. ರಸ್ತೆಯ ಎರಡೂ ಕಡೆ ತೊಗರಿ ಆಳೆತ್ತರ ಬೆಳೆದು ಅಲ್ಲಲ್ಲಿ ಹಳದಿ ಹೂ ಬಿಟ್ಟಿತ್ತು. ಸುವರ್ಣಾ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಜಡೆಗೆ ರಿಬ್ಬನ್ನು ಇರಲಿಲ್ಲ. ಅಜ್ಜಿ ನನಗೆ ಚಹಾ ಮಾಡಲು ಒಳಗೆ ಹೋದಳು. ಹುಡುಗಿ ಕೈ ನಿಲ್ಲಿಸದೆ, ನನ್ನ ಮುಖ ನೋಡದೆ ಕೇಳಿದಳು.

"ನಾ ನಿಮಗ ಹೇಳಬಾರದಾಗಿತ್ತೇನ್ರಿ ಟೀಚರ್?"

ನೀ ಹೇಳಿದ್ದೇ ಸರಿ ಎಂದೆ. ಆದರೆ ಅವಳಿಗೆ ಬೇಕಾಗಿದ್ದ ಉತ್ತರ ಇದ್ದದ್ದು ಅವಳ ಅಪ್ಪನ ಹತ್ತಿರ.

ರಜೆ ಮುಗಿದ ಮೇಲೆ ಅವಳ ಪ್ರಶ್ನೆಯನ್ನು ಹಾಗೆಯೇ ಗುರುಲಿಂಗಪ್ಪ ಸರ್‌ಗೆ ಹೇಳಿದೆ. ಅವರು ಶಾಲೆ ಬಿಟ್ಟ ಮೇಲೆ ಛತ್ರಿ ತೆಗೆದುಕೊಂಡು, "ನಡೀರಿ," ಎಂದರು. ಸಾಯಬಣ್ಣ ರೈಲ್ವೆ ಯಾರ್ಡಿನ ಅಂಚಿನ ಪುಟ್ಟ ಕಾವಲು ಗುಮಟಿಯಲ್ಲಿ ಇದ್ದ. ಸರ್ ಅಲ್ಲೇ ಕಲ್ಲಿನ ಮೇಲೆ ಕುಳಿತರು.

"ಸಾಯಬಣ್ಣ, ಹಳಿ ಒಡೆದದ್ದು ಕಂಡು ಓಡಿಬಂದು ಹೇಳಿದವನಿಗಿ ನಿಮ್ಮಲ್ಲಿ ಏನ್ ಮಾಡ್ತಾರ?"

"ಇನಾಮ ಕೊಡ್ತಾರ್ರಿ. ಹೆಸರು ಹಾಕ್ತಾರ."

"ಹಳಿ ನೀನೇ ಒಡದೀ ಅಂತ ಕೆಲಸದಿಂದ ತಗೀತಾರೇನು?"

ಸಾಯಬಣ್ಣ ಹಸಿರು ಬಾವುಟ ಹಿಡಿದು ಎದ್ದು ನಿಂತ. ಒಂದು ಮಾಲುಗಾಡಿ ಸಿಮೆಂಟು ತುಂಬಿಕೊಂಡು ನಿಧಾನವಾಗಿ ಹಾದುಹೋಯಿತು. ಅದು ಪೂರ್ತಿ ದಾಟುವವರೆಗೆ ಯಾರೂ ಮಾತಾಡುವಂತಿರಲಿಲ್ಲ. ದಾಟಿದ ಮೇಲೆ ಆತ ಬಾವುಟ ಸುತ್ತಿಟ್ಟು ಹಳಿಗಳ ಕಡೆ ನಡೆದ. ನಾವು ಎದ್ದು ಬಂದೆವು.

ಆಮೇಲೆ ಕೆಲವು ದಿನ ಏನೂ ಆಗಲಿಲ್ಲ. ದೀಪಾವಳಿ ಕಳೆದು ಚಳಿ ಹಿಡಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲು ನಿಂತಿದ್ದಾಗ, ಸಾಯಬಣ್ಣ ಮಗಳ ಕೈ ಹಿಡಿದು, ಅವಳ ಪಾಟಿಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಗೇಟಿನಲ್ಲಿ ಬಂದ. ಎಲ್ಲ ಮಕ್ಕಳೂ ನೋಡುತ್ತಿದ್ದರು. ಸರ್ ಹತ್ತಿರ ಬಂದು, ಸಾಲಿಗೆ ಕೇಳುವ ಹಾಗೆಯೇ ಹೇಳಿದ, "ನನ್ನ ಮಗಳು ಹೇಳಿದ್ದಕ್ಕ ಚೊಲೋ ಆತ್ರಿ. ಕಳಿಸಿದ್ದು ನಂದು ತಪ್ಪಾತು." ಚೀಲವನ್ನು ಮಗಳ ಹೆಗಲಿಗೆ ಏರಿಸಿ, ರಿಬ್ಬನ್ನನ್ನು ಒಮ್ಮೆ ಸರಿಮಾಡಲು ಹೋಗಿ, ಬಾರದೆ ಬಿಟ್ಟು, ಡ್ಯೂಟಿಗೆ ಹೋದ. ರೇಷ್ಮಾ ಸಾಲಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು.

ಸುವರ್ಣಾ ಮೊದಲಿನಷ್ಟು ಮಾತಾಡಲಿಲ್ಲ. ಕಂಪ್ಯೂಟರ್ ಕೋಣೆಗೆ ಬಂದರೂ ಗೋಡೆಯ ಹತ್ತಿರ ನಿಲ್ಲುತ್ತಿದ್ದಳು. ನಾನು ಒತ್ತಾಯ ಮಾಡಲಿಲ್ಲ. ಸಂಕ್ರಾಂತಿಯ ನಂತರ ತಾನಾಗಿ ಬಂದು ಕುರ್ಚಿಯಲ್ಲಿ ಕುಳಿತು, ಒಂದು ಮನೆಯ ಚಿತ್ರ ಬರೆದಳು.

ಬೇಸಿಗೆ ಬಂತು. ಕಲ್ಲಿನ ಮಾಡು ಕಾದ ಹೆಂಚಿನ ಹಾಗೆ ಆಗಿ ಶಾಲೆ ಬೆಳಗಿನ ಹೊತ್ತಿಗೆ ಬದಲಾಯಿತು. ನನ್ನ ನಿಯೋಜನೆ ಮುಗಿಯುತ್ತ ಬಂದಿತ್ತು. ಒಂದು ದಿನ ಗಂಟೆ ಹೊಡೆದ ಮೇಲೆ ನಾನು ಗಾಡಿಗೆ ಹೊರಡಲು ಚೀಲ ಕಟ್ಟುತ್ತಿದ್ದೆ. ಶಿಕ್ಷಕರ ಕೋಣೆಯ ಬಾಗಿಲಲ್ಲಿ ಸುವರ್ಣಾ ನಿಂತಿದ್ದಳು. ಅವಳ ಕೈಯಲ್ಲಿ ಮೂರನೇ ತರಗತಿಯ ಒಂದು ಹುಡುಗಿಯ ಕೈ ಇತ್ತು. ಕಾರ್ಖಾನೆ ಕಡೆಯ ಮನೆಗಳಿಂದ ಬರುವ ಮಗು, ನನಗೆ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಅತ್ತು ಕಣ್ಣು ಊದಿದ್ದವು.

"ಒಳಗ ಬಾ," ಎಂದೆ.

ಸಣ್ಣವಳು ಕದಲಲಿಲ್ಲ. ಸುವರ್ಣಾ ಅವಳ ಕಡೆ ಬಗ್ಗಿ, ನನಗೂ ಕೇಳುವ ಹಾಗೆ ಹೇಳಿದಳು, "ಹೇಳು. ಏನೂ ಆಗಂಗಿಲ್ಲ. ನಾನೂ ಟೀಚರಿಗಿ ಹೇಳಿದ್ನಲ್ಲ, ನೋಡು, ನಾ ಇಲ್ಲೇ ಇದ್ದೀನಿ."

ನಾನು ಚೀಲ ಕೆಳಗಿಟ್ಟು ಕುಳಿತೆ. ಆ ದಿನದ ಗಾಡಿ ನನಗೆ ಸಿಗಲಿಲ್ಲ.